ಊರಿಗೆ ಹೋಗಿ ಹೇಳಿ ಕಳಿಸ್ತೀವಿ

ತೋಟದ ಗೇಟು ತೆಗೆದವನು ಅವನೇ. ನೀರಿನ ಸ್ಯಾಂಪಲ್ ಬಾಟಲಿ ಹಿಡಿದು ನಿಂತಿದ್ದ ಹರಿಣಿಯನ್ನು ನೋಡಿ ಅಂಬರೀಶನ ಕೈ ಚಿಲಕದ ಮೇಲೆಯೇ ಉಳಿಯಿತು.

"ನೀವಾ?"

"ನಗರಸಭೆಯಿಂದ ಬಂದಿದೀನಿ. ನಿಮ್ಮ ಬೋರ್‌ವೆಲ್ ನೀರು ಬೇಕು."

"ಬಿಸಿಲಲ್ಲಿ ಬಂದಿದೀರಾ. ಕಾಫಿ ಕುಡೀತೀರಾ?"

"ನೀರು ಸಾಕು. ಅದೂ ಬಾಟಲಿಗೆ."

ಅವನು ಮೋಟಾರು ಹಾಕಿ ಬಂದ. ಪೈಪಿನ ಕೆಳಗೆ ಬಾಟಲಿ ಒಡ್ಡಿದ ಅವಳ ಬಳೆಗಳ ಮೇಲೆ ನೀರು ಚಿಮ್ಮುವುದನ್ನು ಕದ್ದು ನೋಡಿದ. ಅವನು ನೋಡಿದ್ದನ್ನು ಅವಳೂ ನೋಡಿದಳು. ನೋಡಲಿ, ಕಳೆದುಕೊಂಡದ್ದು ಏನೆಂದು ಗೊತ್ತಾಗಲಿ ಎಂದೇ ಬಂದಿದ್ದಳು. ಇಲ್ಲದಿದ್ದರೆ ನೀರು ಹಿಡಿಯುವ ಕೆಲಸಕ್ಕೆ ಯಾರಾದರೂ ರೇಷ್ಮೆ ಅಂಚಿನ ಸೀರೆ ಉಡುತ್ತಾರೆಯೇ, ನೀವೇ ಹೇಳಿ.

ಎರಡು ವರ್ಷದ ಹಿಂದೆ ಇದೇ ಅಂಬರೀಶ ತೊಂಡೇಬಾವಿಯ ಅವರ ಮನೆಗೆ ಹೆಣ್ಣು ನೋಡಲು ಬಂದಿದ್ದ. ಬೋರ್‌ವೆಲ್ ನೀರಿನ ಫ್ಲೋರೈಡ್ ಹರಿಣಿಯ ಮುಂದಿನ ಹಲ್ಲುಗಳ ಮೇಲೆ ಚಿಕ್ಕಂದಿನಲ್ಲೇ ಕಂದು ಕಲೆ ಬಿಟ್ಟಿತ್ತು. ದೊಡ್ಡವರ ಮುಂದೆ ಅವಳು ತುಟಿ ಬಿಚ್ಚಲಿಲ್ಲ. ಮಾತಾಡಿಕೊಳ್ಳಿ ಎಂದು ಇಬ್ಬರನ್ನೇ ತಾರಸಿಗೆ ಕಳಿಸಿದಾಗ, ಅವನು ಅದೇನೋ ತಮಾಷೆ ಮಾಡಿದ್ದಕ್ಕೆ, ಕೈ ಅಡ್ಡ ಹಿಡಿಯುವುದನ್ನೇ ಮರೆತು ನಕ್ಕುಬಿಟ್ಟಳು. ಅವನೂ ನಕ್ಕ. ಅವನ ಹಲ್ಲೋ, ಮಲ್ಲಿಗೆ ಮೊಗ್ಗಿನ ಸಾಲು. ಆಮೇಲೆ ಕಣ್ಣು ಕೀಳದೆ ಅವಳನ್ನೇ ನೋಡಿದ. ಆ ನೋಟಕ್ಕೆ ಅವಳು ಸೋತಿದ್ದಳು, ಸುಳ್ಳೇಕೆ?

ಹೊರಡುವಾಗ ಅವನ ತಾಯಿ ಶೋಭಾರಾಣಿ, "ಊರಿಗೆ ಹೋಗಿ ಹೇಳಿ ಕಳಿಸ್ತೀವಿ" ಎಂದರು. ಉತ್ತರ ಬಂದದ್ದು ದಲ್ಲಾಳಿಯ ಬಾಯಲ್ಲಿ: "ಹುಡುಗಿ ಹಲ್ಲಲ್ಲಿ ಕಲೆ ಇದೆಯಂತೆ." ಕಲೆ ಕಂಡವನು ಅವನೊಬ್ಬನೇ. ಅಮ್ಮನ ಕಿವಿಯಲ್ಲಿ ಊದಿದವನು ಮತ್ಯಾರು? ಅಂದಿನಿಂದ ಹರಿಣಿ ಅವನ ಮೇಲೆ ಹಲ್ಲು ಮಸೆಯುತ್ತಿದ್ದಳು. ನಗುವುದನ್ನಂತೂ ಬಿಟ್ಟೇಬಿಟ್ಟಳು.

ಈಗ ಕಾಲ ಅವಳ ಕಡೆಗಿತ್ತು. ಗೌರಿಬಿದನೂರಿನ ಅಂಚಿನ ಕೆರೆಯ ಮೇಲ್ಭಾಗದಲ್ಲಿ ಜಮೀನು ತೆಗೆದುಕೊಂಡು ಉದ್ಯಾನ ಮಾಡಿ, ಮಳೆನೀರು ಅಲ್ಲೇ ಇಂಗುವಂತೆ ಮಾಡಿದರೆ ಸುತ್ತಲಿನ ಬೋರ್‌ವೆಲ್‌ಗಳ ಫ್ಲೋರೈಡ್ ಇಳಿದೀತು ಎಂಬುದು ನಗರಸಭೆಯ ಯೋಜನೆ. ನೋಡಿದ್ದ ಜಾಗ ಎರಡು. ಒಂದು ಸರ್ಕಾರಿ ಗುಡ್ಡ, ಇನ್ನೊಂದು ಶೋಭಾರಾಣಿಯ ಮನೆಯವರ ತೆಂಗಿನ ತೋಟ. ನೀರಿನ ಪರೀಕ್ಷೆ ಮುಗಿಸಿದ ಹರಿಣಿ, ತೋಟವೇ ಆಗಬೇಕು ಎಂದು ವರದಿ ಕೊಟ್ಟಳು. ಗುಡ್ಡ ಬರೀ ಬಂಡೆ, ಅಲ್ಲಿ ಹನಿಯೂ ಇಂಗದು. ನೀರು ಹೇಳಿದ್ದೂ ಅದನ್ನೇ, ಅವಳ ಸೇಡು ಹೇಳಿದ್ದೂ ಅದನ್ನೇ. ಇಂಥ ಯೋಗ ಎಷ್ಟು ಜನಕ್ಕೆ ಸಿಗುತ್ತದೆ?

ಆಕ್ಷೇಪಣೆ ಕೇಳುವ ಸಭೆಯಲ್ಲಿ ಶೋಭಾರಾಣಿ ಎದ್ದು ನಿಂತರು. "ನಮ್ ತೋಟದ ನೀರು ಅಮೃತ ಇದ್ದಂಗಿದೆ. ಅದನ್ನ ಕಿತ್ಕೊಂಡು ಇವರೇನು ಶುದ್ಧ ಮಾಡ್ತಾರೆ?"

"ನಿಮ್ಮ ಬೋರ್‌ವೆಲ್‌ನಲ್ಲಿ ಫ್ಲೋರೈಡು ನಮ್ಮ ತೊಂಡೇಬಾವಿಗಿಂತ ಜಾಸ್ತಿ ಇದೆ ಅಮ್ಮ," ಎಂದಳು ಹರಿಣಿ, ತಣ್ಣಗೆ. "ಆ ನೀರು ಕುಡಿದು ಬೆಳೆದ ಮಕ್ಕಳ ಹಲ್ಲಿಗೆ ಕಲೆ ಬಂದೇ ಬರುತ್ತೆ."

"ಶುದ್ಧ ಸುಳ್ಳು! ಹುಟ್ಟಿದಾಗಿಂದ ಅದೇ ನೀರು ಕುಡಿದೋನು ನನ್ ಮಗ. ಅಂಬರೀಶ, ಎದ್ದು ತೋರ್ಸಪ್ಪ ನಿನ್ ಹಲ್ಲು!"

ಸಭೆಯೆಲ್ಲ ಅವನತ್ತ ತಿರುಗಿತು. ಹರಿಣಿ ವರದಿಯ ಹಾಳೆ ಮಡಿಚಿಟ್ಟಳು. ಎರಡನೇ ಸಲವೂ ಅದೇ ಬಿಳಿ ಹಲ್ಲಿನ ಮುಂದೆ ಸೋಲುವುದು ತನ್ನ ಹಣೆಯಲ್ಲಿ ಬರೆದಿದೆ ಎಂದುಕೊಂಡಳು.

ಅಂಬರೀಶ ಎದ್ದ. ಅಮ್ಮನನ್ನು ನೋಡಿದ, ಹರಿಣಿಯನ್ನು ನೋಡಿದ.

"ಇವು ನನ್ನ ಹಲ್ಲಲ್ಲ," ಎಂದ. "ಬೆಂಗಳೂರಲ್ಲಿ ಕ್ಯಾಪ್ ಹಾಕಿಸಿದ್ದು. ಒಳಗೆ ಬರೀ ಕಂದು ಕಲೆ. ಮೇಡಂ ವರದಿ ಸರಿಯಾಗಿದೆ. ತೋಟ ನನ್ನ ಹೆಸರಲ್ಲಿದೆ, ನಂದೇನೂ ಆಕ್ಷೇಪಣೆ ಇಲ್ಲ."

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಶೋಭಾರಾಣಿ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ ಕೂತುಬಿಟ್ಟರು. ಹರಿಣಿಗೆ ಹಾಲು ಕುಡಿದಷ್ಟು ಸಂತೋಷವಾಯಿತು, ಆಗಲಿಲ್ಲ ಎಂದರೆ ನಂಬಬೇಡಿ. ಆದರೆ ತಲೆ ತಗ್ಗಿಸಿ ಹೊರಗೆ ಹೋದವನ ಹಿಂದೆ ಅವಳ ಕಾಲು ಹೊರಟಿದ್ದೂ ನಿಜ.

ಅವನು ಹೊಂಗೆ ಮರದ ಕೆಳಗೆ ನಿಂತಿದ್ದ.

"ಅವತ್ತು ನನ್ನ ಹಲ್ಲಿನ ವಿಷಯ ನಿಮ್ಮಮ್ಮಂಗೆ ಹೇಳಿದ್ದು ನೀವೇ ತಾನೆ?"

"ನಾನೇ."

"ನಾಚಿಕೆ ಆಗ್ಲಿಲ್ವಾ?"

"ಖುಷಿಯಲ್ಲಿ ಹೇಳ್ದೆ ಕಣ್ರೀ! ಅವಳ ಹಲ್ಲೂ ನನ್ ಥರನೇ ಇದೆ ಕಣಮ್ಮ, ಅವಳ ಮುಂದೆ ಏನೂ ಮುಚ್ಚಿಡೋ ಹಂಗಿಲ್ಲ, ಅವಳೇ ಬೇಕು ಅಂದೆ. ಅಮ್ಮ ಹೆದರಿಬಿಟ್ರು. ಇಬ್ಬರದ್ದೂ ಹಿಂಗಿದ್ರೆ ಹುಟ್ಟೋ ಮಕ್ಕಳ ಗತಿ ಏನೋ ಅಂದ್ರು."

"ಅದಕ್ಕೆ ನೀವೇನಂದ್ರಿ?"

"ಏನೂ ಅನ್ಲಿಲ್ಲ. ಅದೇ ನನ್ ತಪ್ಪು."

ಹರಿಣಿಗೆ ಅಳುವೂ ಬಂತು, ಸಿಟ್ಟೂ ಬಂತು. "ಕಲೆ ರಕ್ತದಿಂದ ಬರಲ್ಲ ರೀ, ನೀರಿಂದ ಬರುತ್ತೆ. ಅಷ್ಟು ಹೇಳಕ್ಕೆ ಬಾಯಿರಲಿಲ್ವಾ ನಿಮಗೆ? ಅವತ್ತಿಂದ ನಾನು ಬಾಯ್ತುಂಬ ನಕ್ಕಿಲ್ಲ, ಗೊತ್ತಾ?"

"ಇವತ್ತು ಹೇಳಿದ್ನಲ್ಲ, ಊರೆಲ್ಲ ಕೇಳೋ ಹಂಗೆ." ಅವನ ದನಿ ಇಳಿಯಿತು. "ನನ್ನ ಮದುವೆ ಆಗ್ತೀರಾ?"

ಹೂಂ ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಶೋಭಾರಾಣಿ ಸಭೆಯ ಬಾಗಿಲಿಗೆ ಬಂದು ನಿಂತರು. ಅವರನ್ನು ಕಂಡದ್ದೇ ತಡ, ಹರಿಣಿ ಹೂಂ ಅನ್ನು ನುಂಗಿಕೊಂಡಳು. ಅವರತ್ತ ತಿರುಗಿ, ಅವರದೇ ರಾಗದಲ್ಲಿ ಅಂದಳು:

"ಊರಿಗೆ ಹೋಗಿ ಹೇಳಿ ಕಳಿಸ್ತೀವಿ."

ಶೋಭಾರಾಣಿಯ ಮುಖ ಸಣ್ಣಗಾಯಿತು.

"ಎಷ್ಟು ದಿನ ಕಾಯ್ಬೇಕು?" ಎಂದ ಅಂಬರೀಶ.

"ನಾನು ಕಾದಷ್ಟು."

"ಅಯ್ಯೋ, ಎರಡು ವರ್ಷಾನಾ!"

"ನಿಮ್ಮಮ್ಮ ತೊಂಡೇಬಾವಿಗೆ ಬಂದು, ಈ ಕಲೆ ಹಲ್ಲಿನ ಹುಡುಗೀನೇ ಬೇಕು ಅಂತ ನಮ್ಮಮ್ಮನ್ನ ಕೇಳಿದ್ರೆ ಸ್ವಲ್ಪ ಕಮ್ಮಿ ಮಾಡ್ಬೋದು."

ಶೋಭಾರಾಣಿ ಮಗನ ಮುಖ ನೋಡಿದರು.

"ಶುಕ್ರವಾರ ಬರ್ತೀವಿ ಅಂತ ನಿಮ್ಮಮ್ಮಂಗೆ ಹೇಳಮ್ಮ," ಎಂದರು, ಬಿಗಿದ ಬಾಯಲ್ಲೇ.

ಆಗ ಹರಿಣಿ ನಕ್ಕಳು. ಕಲೆ ಬಿದ್ದ ಹಲ್ಲೆಲ್ಲ ಬಿಸಿಲಿಗೆ ಕಾಣುವ ಹಾಗೆ, ಅವರ ಕಣ್ಣಿನಲ್ಲಿ ಕಣ್ಣಿಟ್ಟು ನಕ್ಕಳು. ಕೈ ಬಾಯಿಗೆ ಅಡ್ಡ ಹೋಗಲಿಲ್ಲ.