ನೂರರಲ್ಲಿ ಎಂಟು ಪಾಲು

"ಯಾರ್ರೀ ಇದು, ನನ್ನ ಕೈಯೊಳಗೆ?"

ಅವಳು ಅವನಿಗೆ ಆಡಿದ ಮೊದಲ ಮಾತು ಇದು. ಅವನ ಮುಖವನ್ನು ಅವಳು ಇನ್ನೂ ಸರಿಯಾಗಿ ನೋಡಿರಲಿಲ್ಲ. ಕಣ್ಣಿಗೆ ಹೆಡ್‌ಸೆಟ್, ಕೈಗೆ ತಂತಿಗಳ ಗವಸು ಹಾಕಿಕೊಂಡು ಕುರ್ಚಿಯಲ್ಲಿ ಕೂತಿದ್ದಳು. ಎದುರಿಗೆ ಒಂದು ಮೇಜು, ಒಂದು ಕನ್ನಡಿ ಕಾಣುತ್ತಿದ್ದವು, ಎರಡೂ ನಿಜವಲ್ಲ. ಕನ್ನಡಿಯಲ್ಲಿ ಬೂದು ಅಂಗಿಯ ಒಂದು ದೇಹ ಕೂತಿತ್ತು. ಅವಳು ಬಲಗೈ ಎತ್ತಿದಳು, ಅದೂ ಎತ್ತಿತು. ಆದರೆ ಅವಳ ಕೈಯಷ್ಟು ಆ ಕೈ ನಡುಗಲಿಲ್ಲ.

"ನಾನು," ಎಂದಿತು ಪಕ್ಕದ ಕುರ್ಚಿಯಿಂದ ತರಬೇತಿ ಕೊಡುವ ಮೇಷ್ಟ್ರ ತಗ್ಗಿದ ದನಿ. "ಕನ್ನಡಿಯಲ್ಲಿ ಕಾಣೋ ಆ ದೇಹವೇ ಅವತಾರ್, ಇಬ್ಬರಿಗೂ ಸೇರಿ ಒಂದೇ. ನಿಮ್ಮ ಕೈ ಎತ್ತ ಹೋಗುತ್ತೆ, ನನ್ನ ಕೈ ಎತ್ತ ಹೋಗುತ್ತೆ, ಎರಡನ್ನೂ ಕಲಸಿ ಅದು ಹೋಗುತ್ತೆ. ಈಗ ಅರ್ಧ ನೀವು, ಅರ್ಧ ನಾನು."

"ಮದುವೆಯಾಗಿ ಹತ್ತು ವರ್ಷ ಆದವರಲ್ಲೂ ಇಷ್ಟು ಹೊಂದಾಣಿಕೆ ಇರಲ್ಲ ಮೇಷ್ಟ್ರೇ."

ಅವನು ನಕ್ಕಿದ್ದು ಕೇಳಿಸಿತು. ಅದೇ ಕ್ಷಣ ಕನ್ನಡಿಯೊಳಗಿನ ಭುಜವೂ ಕೊಂಚ ಕುಲುಕಿತು. ಬೇರೊಬ್ಬನ ನಗು ತನ್ನ ಮೈಯಲ್ಲಿ ಓಡಾಡಿದ್ದನ್ನು ಅವಳು ಕಂಡಳು.

ಅವಳ ಕೆಲಸ ಕಣ್ಣು ಬರೆಯುವುದು. ಕಣ್ಣಾಸ್ಪತ್ರೆಯ ಹಿಂದುಗಡೆ ಕೃತಕ ಕಣ್ಣು ತಯಾರಿಸುವ ಕಾರ್ಖಾನೆಯಿತ್ತು. ಹೆಸರಿಗೆ ಕಾರ್ಖಾನೆ, ಇದ್ದದ್ದು ಮೂರು ಕೋಣೆ. ಅಂಗಿಯ ಗುಂಡಿಯಷ್ಟು ಸಣ್ಣ ಬಿಲ್ಲೆಯ ಮೇಲೆ ಕೂದಲೆಳೆಯಂಥ ಕುಂಚದಿಂದ ಅವಳು ಪಾಪೆ ಬರೆಯುತ್ತಿದ್ದಳು, ಬಿಳಿಯ ಮೇಲೆ ಕೆಂಪು ರೇಷ್ಮೆ ಎಳೆ ಬಿಡಿಸಿ ನರ ಮೂಡಿಸುತ್ತಿದ್ದಳು. ಯಜಮಾನರೂ ಸೇರಿ ಎಲ್ಲರೂ ಅವಳನ್ನು ಕಣ್ಣಮ್ಮ ಎಂದೇ ಕರೆಯುತ್ತಿದ್ದರು. ಹದಿಮೂರು ವರ್ಷದಲ್ಲಿ ಅವಳು ಬರೆದ ಪ್ರತಿ ಕಣ್ಣಿನಲ್ಲೂ, ಗಡಿಯಾರದ ಐದು ಗಂಟೆಯ ಜಾಗದಲ್ಲಿ, ಕೆಳರೆಪ್ಪೆಯ ಮರೆಗೆ, ಒಂದು ಹೊಂಬಣ್ಣದ ಚುಕ್ಕೆ ಇರುತ್ತಿತ್ತು. ಅದು ಅವಳ ರುಜು. ಅದನ್ನು ಯಾರಿಗೂ ಹೇಳಿರಲಿಲ್ಲ.

ಇನ್ನೊಂದು ಅಭ್ಯಾಸವೂ ಇತ್ತು. ಬರೆಯುವಾಗ ಬಾಯಲ್ಲಿ ಗುನುಗುತ್ತಿದ್ದಳು. "ಈಗ ಹೊರಗಿನ ಸುತ್ತು... ಈಗ ಎಳೆ, ಒಂದೊಂದೇ... ಈಗ ಉಸಿರು ಹಿಡಿ..."

ಒಂದು ದಿನ ಗಾಜಿನ ಜಾಡಿ ಕೈಯಲ್ಲೇ ಒಡೆದು ಬಲ ಮಣಿಕಟ್ಟಿನ ನರ ಕತ್ತರಿಸಿತು. ಗಾಯ ಮಾಯಿತು. ನಡುಕ ಉಳಿಯಿತು.

"ನಾಲ್ಕು ತಿಂಗಳು ನಿನ್ನ ಕುರ್ಚಿ ಖಾಲಿ ಇಡ್ತೀನಿ ಕಣ್ಣಮ್ಮ," ಎಂದಿದ್ದರು ಯಜಮಾನರು. "ಆಮೇಲೆ ನನ್ನ ಬೈಕೋಬೇಡ."

ಹಾಗೆ ಅವಳು ಈ ತರಬೇತಿ ಕೋಣೆಗೆ ಬಂದದ್ದು. ಅಲ್ಲೊಂದು ಕಟ್ಟುಪಾಡಿತ್ತು. ಪಾಲು ಯಾರದೆಷ್ಟು ಎಂಬ ಅಂಕಿ ಮೇಷ್ಟ್ರ ಕಡೆಯ ಪರದೆಯಲ್ಲಿ ಮಾತ್ರ ಕಾಣುತ್ತಿತ್ತು. ಕಲಿಯುವವರು ಅದನ್ನು ನೋಡಬಾರದು. ನೋಡಿದರೆ ಧೈರ್ಯ ಕುಗ್ಗುತ್ತದಂತೆ. ವಾರವಾರವೂ ಮೇಷ್ಟ್ರ ಪಾಲು ಇಳಿಯಬೇಕು, ಕಲಿಯುವವರದು ಏರಬೇಕು. ಒಳಗೆ ಕಲಿತದ್ದು ನಿಧಾನಕ್ಕೆ ಹೊರಗೂ ಬರುತ್ತದೆ ಎಂದು ಬಾಗಿಲ ಮೇಲೇ ಬರೆದು ಅಂಟಿಸಿದ್ದರು.

ನಾಲ್ಕನೆಯ ವಾರ ಅವಳ ಕುಂಚ ಪಾಪೆಯ ಗೆರೆ ದಾಟಿ ಬಿಳಿಯೊಳಗೆ ಓಡಿತು. ಮತ್ತೆ ಬರೆದಳು, ಮತ್ತೆ ಓಡಿತು. ಆರನೆಯ ಸಲಕ್ಕೆ ಹೆಡ್‌ಸೆಟ್ ಕಿತ್ತು ಮೇಜಿನ ಮೇಲೆ ಕುಕ್ಕಿ ಎದ್ದು ಹೋದಳು. ಮೂರು ದಿನ ಬರಲಿಲ್ಲ.

ನಾಲ್ಕನೆಯ ದಿನ ಅಕ್ಕ ಬೈದು ಕಳಿಸಿದ್ದಕ್ಕೆ ಬಂದಳು. ಕೂತಳು, ಕುಂಚ ಹಿಡಿದಳು. ಆ ದಿನ ಗೆರೆ ನಿಂತಿತು.

"ಮೇಷ್ಟ್ರೇ... ನಿಮ್ಮ ಪಾಲು ಎಷ್ಟಿದೆ?"

"ಅರ್ಧಕ್ಕಿಂತ ಕಮ್ಮಿ."

ಅವಳು ಹೆಡ್‌ಸೆಟ್ಟಿನೊಳಗೇ ಅತ್ತುಬಿಟ್ಟಳು. ಅವನು ಏನೂ ಹೇಳಲಿಲ್ಲ. ಓದುಗರೇ, ಅವನು ಅಂದು ಏನಾದರೂ ಹೇಳಿದ್ದರೆ ಈ ಕಥೆ ಅಲ್ಲಿಗೇ ಮುಗಿಯುತ್ತಿತ್ತು.

ಆಮೇಲಿನ ದಿನಗಳು ಅವಳಿಗೆ ಹಬ್ಬ. ದಿನಾ ಅದೇ ಕೈಯಲ್ಲಿ ಇಬ್ಬರೂ ಕೂತು ಬರೆದರು. ಅವಳು ಗುನುಗುವಳು, ಕೈ ಹಾಗೇ ಹೋಗುವುದು. ಉಸಿರು ಹಿಡಿ ಎಂದಾಗ ಪಕ್ಕದ ಕುರ್ಚಿಯಲ್ಲೂ ಉಸಿರು ನಿಲ್ಲುವುದು. ಐದು ಗಂಟೆಯ ಜಾಗದಲ್ಲಿ ಅವಳ ಚುಕ್ಕೆಯೂ ಬಂದು ಕೂತಿತು, ಗುನುಗದೆಯೇ. ಮನೆಯಲ್ಲಿ ಸೌಟು ಹಿಡಿದರೆ ಕೈ ನಡುಗುತ್ತಲೇ ಇತ್ತು. ದಣಿದಿದೆ ಅಂದುಕೊಂಡಳು. ಬೇಕಾದ್ದನ್ನು ನಂಬಲು ಮನಸ್ಸಿಗೆ ಯಾರ ಸಾಕ್ಷಿಯೂ ಬೇಕಿರಲಿಲ್ಲ.

"ಏನೇ, ಕನ್ನಡಿ ಮುಂದೆ ಇಷ್ಟು ಹೊತ್ತು?" ಎಂದು ಅಕ್ಕ ಕೆಣಕಿದಳು. "ಕೈ ರಿಪೇರಿಗೆ ಹೋಗ್ತಿದೀಯೋ, ಹೆಣ್ಣು ನೋಡೋ ಶಾಸ್ತ್ರಕ್ಕೋ?"

ಕೊನೆಯ ದಿನ ಅವನು 'ಕೆಲಸಕ್ಕೆ ಮರಳಬಹುದು' ಎಂಬ ಕಾಗದಕ್ಕೆ ರುಜು ಹಾಕಿ ಕೊಟ್ಟ. ಕೊಡುವಾಗ ಅವಳ ಮುಖ ನೋಡಲಿಲ್ಲ.

"ನಾಳೆಯಿಂದ ನಾನು ಇಲ್ಲಿಗೆ ಬರಲ್ಲ," ಎಂದಳು ಅವಳು. "ಬೇರೆ ಕಡೆ ಎಲ್ಲಾದ್ರೂ ಸಿಗ್ತೀರಾ?"

"ಮೊದಲು ಕೆಲಸಕ್ಕೆ ಹೋಗಿ ಬನ್ನಿ," ಎಂದ. ಅವಳು ಅದನ್ನು ನಾಚಿಕೆ ಎಂದುಕೊಂಡಳು.

ಕೆಲಸದ ಮೊದಲ ದಿನವೇ ಎದುರಿನ ಕುರ್ಚಿಯಲ್ಲಿ ಒಬ್ಬ ವಕೀಲಮ್ಮ ಕೂತಿದ್ದರು. ಐವತ್ತು ದಾಟಿದ ಹೆಂಗಸು, ಕಣ್ಣೊಳಗೆ ಗಡ್ಡೆ ಬೆಳೆದು ಎಡಗಣ್ಣು ತೆಗೆಸಿಕೊಂಡವರು, ನಾಲಿಗೆ ಮಾತ್ರ ಹರಿತವಾಗೇ ಇತ್ತು. ಅವಳು ಅವರ ಇನ್ನೊಂದು ಕಣ್ಣನ್ನು ನೋಡಿ ನೋಡಿ ಬರೆದಳು. ಹೊರಗಿನ ಸುತ್ತು ಹಲ್ಲುಹಲ್ಲಾಯಿತು. ಎಳೆಗಳು ಒಂದರ ಮೇಲೊಂದು ಬಿದ್ದವು. ಒರೆಸಿ ಬರೆದಳು, ಮತ್ತೆ ಒರೆಸಿದಳು. ಮಧ್ಯಾಹ್ನದ ಹೊತ್ತಿಗೆ ಯಜಮಾನರು ಬಂದು ಬಿಲ್ಲೆಯನ್ನು ಎತ್ತಿ ಹಿಡಿದರು.

"ಏನಮ್ಮ ಇದು? ಇದನ್ನ ಯಾರ ಮುಖದಲ್ಲಿ ಇಡ್ಲಿ?"

ವಕೀಲಮ್ಮ ಕೈ ಚಾಚಿ ಬಿಲ್ಲೆ ಇಸಿದುಕೊಂಡರು. ಬೆಳಕಿಗೆ ಹಿಡಿದು ನೋಡಿದರು.

"ಕಣ್ಣು ಹೋದಾಗ್ಲೂ ನಂಗೆ ಇಷ್ಟು ಬೇಜಾರಾಗಿರ್ಲಿಲ್ಲ ಕಣಮ್ಮ," ಎಂದರು.

ಅವಳು ಕಾಗದವನ್ನು ಮುಷ್ಟಿಯಲ್ಲಿ ಹಿಡಿದು ತರಬೇತಿ ಕೋಣೆಗೆ ಓಡಿದಳು. ಅವನು ಊಟಕ್ಕೆ ಹೋಗಿದ್ದ. ಕೋಣೆ ಖಾಲಿ, ಪರದೆ ತೆರೆದೇ ಇತ್ತು. ಇಷ್ಟು ದಿನದಲ್ಲಿ ಮೇಜಿನ ಆ ಬದಿಗೆ ಅವಳು ಒಮ್ಮೆಯೂ ಹೋಗಿರಲಿಲ್ಲ. ಹೋದಳು. ದಿನಾಂಕ, ಪಕ್ಕದಲ್ಲಿ ಎರಡು ಅಂಕಿ. ಮೊದಲ ದಿನ ಐವತ್ತು, ಐವತ್ತು; ಅವಳು ಎದ್ದು ಹೋದ ದಿನ ಅವನದು ನಲವತ್ತು. ಮರಳಿ ಬಂದ ದಿನ ಅವನದು ಎಂಬತ್ತು. ಆಮೇಲೆ ಎಂಬತ್ತೈದು. ಅವಳು ಅತಿ ಸಂತೋಷವಾಗಿದ್ದ ವಾರವೆಲ್ಲ ತೊಂಬತ್ತೆರಡು.

ಅವಳದು ಎಂಟು.

ಬಾಗಿಲಲ್ಲಿ ಅವನು ಊಟದ ಡಬ್ಬಿ ಹಿಡಿದು ನಿಂತಿದ್ದ.

"ನಾನು ಹೇಳಬೇಕಂತಿದ್ದೆ..."

"ಯಾವಾಗ? ನಾನು ನಾಲ್ಕು ಜನರ ಮುಂದೆ ಮಾನ ಕಳ್ಕೊಂಡ ಮೇಲಾ?" ಅವಳ ದನಿ ಏರಲಿಲ್ಲ. "ಇದು ನನ್ನ ಕೈ ಅಂತ ಅಕ್ಕನಿಗೆ ಹೇಳ್ದೆ. ದೇವರಿಗೆ ಹೇಳ್ದೆ. ಕೈ ಸತ್ತಿದ್ರೆ ಸತ್ತಿದೆ ಅನ್ನಬೇಕಿತ್ತು ನೀವು. ಹೆಣಾನ ಗೊಂಬೆ ಥರ ಆಡಿಸಿದ್ರಲ್ಲ."

"ನೀವು ಅಳೋದನ್ನ ನೋಡಕ್ಕೆ ನನ್ನಿಂದ ಆಗ್ಲಿಲ್ಲ."

"ಓಹೋ. ನಿಮ್ಮ ಕಣ್ಣಿಗೆ ಕಷ್ಟ ಆಗುತ್ತೆ ಅಂತ ನನ್ನ ಕಣ್ಣು ಕಟ್ಟಿದ್ರಿ."

ಕಾಗದವನ್ನು ಅವನ ಡಬ್ಬಿಯ ಮೇಲಿಟ್ಟು ಹೊರಟುಹೋದಳು.

ಯಜಮಾನರು ಅವಳನ್ನು ಕೆಲಸದಿಂದ ತೆಗೆಯಲಿಲ್ಲ. ಅದಕ್ಕಿಂತ ಕೆಟ್ಟದ್ದು ಮಾಡಿದರು. ಹಿಂದಿನ ಕೋಣೆಯಲ್ಲಿ ಕಣ್ಣುಗಳಿಗೆ ಮೆರುಗು ಹಾಕುವ ಚಕ್ರದ ಮುಂದೆ ಕೂರಿಸಿದರು. ಬೇರೆಯವರು ಬರೆದ ಕಣ್ಣುಗಳನ್ನು ಅವಳು ದಿನವಿಡೀ ಉಜ್ಜಿದಳು. ಯಾವುದರಲ್ಲೂ ಐದು ಗಂಟೆಯ ಚುಕ್ಕೆ ಇರಲಿಲ್ಲ.

ಮನೆಗೆ ಬಂದು ಎಡಗೈಯಲ್ಲಿ ಕುಂಚ ಹಿಡಿದಳು. ಹಟಕ್ಕೆ ಹಿಡಿದದ್ದು, ಆಸೆಗಲ್ಲ. ಹಳೆಯ ಬಿಲ್ಲೆಗಳ ಮೇಲೆ ಬರೆದು ಒರೆಸಿ, ಬರೆದು ಒರೆಸಿ, ಊಟದ ಮೇಜೆಲ್ಲ ಬಣ್ಣವಾಯಿತು. ಅಕ್ಕ ಒಂದು ಮಾತೂ ಬೈಯಲಿಲ್ಲ. ಅವನು ಮೂರು ಸಲ ಮನೆ ಬಾಗಿಲಿಗೆ ಬಂದ.

"ಅವಳು ಮನೇಲಿಲ್ಲ," ಎಂದು ಮೂರೂ ಸಲ ಅಕ್ಕ ಅಂದಳು. ಮೂರನೆಯ ಸಲ ಇಷ್ಟು ಸೇರಿಸಿದಳು: "ನಿಮಗೆ ನಾಚಿಕೆಯೂ ಇಲ್ಲ, ಕೊಡೆಯೂ ಇಲ್ಲ. ಮಳೇಲಿ ನೆನೀಬೇಡಿ, ಹೋಗಿ."

ಏಳು ತಿಂಗಳಾಯಿತು. ವಕೀಲಮ್ಮ ಬೇರೆ ಇಬ್ಬರು ಬರೆದ ಕಣ್ಣು ತಿರಸ್ಕರಿಸಿ ಮೂರನೆಯದಕ್ಕೆ ಜಗಳವಾಡುತ್ತಿದ್ದರು. ಅವಳು ಯಜಮಾನರ ಮುಂದೆ ಎಡಗೈಯಲ್ಲಿ ಬರೆದ ಕಣ್ಣೊಂದನ್ನು ಇಟ್ಟಳು. ವಕೀಲಮ್ಮ ಅದನ್ನು ಹಾಕಿಕೊಂಡು ಕನ್ನಡಿ ನೋಡಿದರು. ಮುಖವನ್ನು ಎಡಕ್ಕೆ ತಿರುಗಿಸಿ ನೋಡಿದರು, ಬಲಕ್ಕೆ ತಿರುಗಿಸಿ ನೋಡಿದರು.

"ನಾಳೆ ಕೋರ್ಟಿಗೆ ಇದನ್ನೇ ಹಾಕ್ಕೊಂಡು ಹೋಗ್ತೀನಿ," ಎಂದರು ಕೊನೆಗೆ.

ಆ ದಿನವೇ ಅವಳು ತರಬೇತಿ ಕೋಣೆಗೆ ಹೋದಳು. ಖುಷಿ ಹಂಚಿಕೊಳ್ಳಲು ಅಲ್ಲ. ಬಡ್ಡಿ ಸಮೇತ ನೋಯಿಸಿ ಬರೋಣ ಎಂದು.

ಅವನು ಸೊರಗಿಹೋಗಿದ್ದ. ಎದ್ದು ನಿಂತ.

"ಒಂದು ಸಲ ನನ್ನ ಜೊತೆ ಕೂರಿ," ಎಂದಳು. "ಪಾಲು ನಾನು ಇಡ್ತೀನಿ. ನೀವು ನೋಡಬಾರದು."

ಅವನು ಹೆಡ್‌ಸೆಟ್ ಕಟ್ಟಿಕೊಂಡ. ಅವಳು ಎಡಗೈಗೆ ಗವಸು ತೊಟ್ಟು, ಅದನ್ನೇ ಆ ಅವತಾರ್‌ನ ಬಲಗೈಗೆ ಜೋಡಿಸಿದಳು. ಅಂಕಿ ಸರಿಸಿದಳು. ಕನ್ನಡಿಯಲ್ಲಿ ಅದೇ ಬೂದು ಅಂಗಿ, ಅದೇ ದೇಹ. ಮನಸ್ಸನ್ನು ಕಲ್ಲು ಮಾಡಿಕೊಂಡಳು.

"ಈಗ ಹೊರಗಿನ ಸುತ್ತು," ಎಂದು ಗುನುಗಿದಳು. ಕೈ ಹೋಯಿತು. "ಈಗ ಎಳೆ, ಒಂದೊಂದೇ... ಈಗ ಉಸಿರು ಹಿಡಿ..."

ಪಕ್ಕದಲ್ಲಿ ಉಸಿರು ನಿಂತಿತು. ಮೊದಲಿನಂತೆಯೇ. ಪಾಪೆ ಮುಗಿಯಿತು. ಕೊನೆಗೆ ಕೈ ಐದು ಗಂಟೆಯ ಜಾಗಕ್ಕೆ ಹೋಗಿ ಹೊಂಬಣ್ಣದ ಚುಕ್ಕೆ ಇಟ್ಟಿತು.

"ಹೇಗಿತ್ತು ಮೇಷ್ಟ್ರೇ?"

"ಚೆನ್ನಾಗಿ ಬಂತು. ನಾನು ಜಾಸ್ತಿ ಬಿಗಿ ಹಿಡೀಲಿಲ್ಲ."

"ಚುಕ್ಕೆ ಇಟ್ಟಿದ್ದು ಯಾರು?"

"ನಾನೇ. ನೀವು ಇಡ್ತೀರಿ ಅಂತ ಗೊತ್ತಿತ್ತಲ್ಲ... ಅದಕ್ಕೆ."

"ಹೆಡ್‌ಸೆಟ್ ತೆಗೀರಿ. ಪರದೆ ನೋಡಿ."

ಅವನು ನೋಡಿದ. ಅವಳದು ನೂರು. ಅವನದು ಸೊನ್ನೆ.

ಅವನ ಮುಖದಿಂದ ರಕ್ತ ಇಳಿದದ್ದನ್ನು ಅವಳು ಕಣ್ತುಂಬ ನೋಡಿದಳು. ಏಳು ತಿಂಗಳು ಕಾದದ್ದು ಇದಕ್ಕೇ. ಅವನು ತನ್ನ ಬಲಗೈಯನ್ನೇ ತಿರುಗಿಸಿ ತಿರುಗಿಸಿ ನೋಡಿಕೊಂಡ, ಅದು ಯಾರದೋ ಎಂಬಂತೆ.

"ನಾನೇ ಬರೆದೆ ಅನ್ನಿಸ್ತು," ಎಂದ. "ಆಣೆ ಮಾಡ್ತಿದ್ದೆ ಬೇಕಾದ್ರೆ."

"ನಾನೂ ಆಣೆ ಮಾಡಿದ್ದೆ. ಮೂರು ತಿಂಗಳು."

ಅವನು ಕುರ್ಚಿಯಲ್ಲಿ ಕುಸಿದ. ಅತ್ತರೆ ಅವಳಿಗೆ ತೃಪ್ತಿಯಾಗುತ್ತಿತ್ತೇನೋ. ಅವನು ಅಳಲಿಲ್ಲ, ಕ್ಷಮೆಯನ್ನೂ ಕೇಳಲಿಲ್ಲ.

"ಒಂದು ಮಾತು ಹೇಳ್ತೀನಿ, ಆಮೇಲೆ ಹೋಗಿ," ಎಂದ. "ಆವಾಗ, ತರಬೇತೀಲಿ, ಚುಕ್ಕೆ ಇಟ್ಟಿದ್ದು ನಾನಲ್ಲ. ನನಗೆ ಅದರ ವಿಷಯವೇ ಗೊತ್ತಿರ್ಲಿಲ್ಲ. ಪಾಪೆ ಮುಗಿದ ಮೇಲೆ ನಾನು ಕೈ ಎತ್ತುತ್ತಿದ್ದೆ. ಪ್ರತಿ ಸಲವೂ ಆ ಕೈ ಅದೇ ಜಾಗಕ್ಕೆ ಸ್ವಲ್ಪ ವಾಲೋದು. ಎಂಟು ಪಾಲಿನಲ್ಲಿ ಅಷ್ಟೇ ವಾಲಕ್ಕೆ ಆಗೋದು. ಎಲ್ಲಿಗೆ ಹೋಗ್ತಿದೀರಿ ಅಂತ ಗೊತ್ತಾಗದೆ, ಸುಮ್ಮನೆ ನಿಮ್ಮ ಹಿಂದೆ ಬಂದೆ. ತೊಂಬತ್ತೆರಡು ಪಾಲನ್ನೂ ಹೊತ್ಕೊಂಡು."

ಅವಳು ಎಡಗೈಯ ಗವಸು ಕಳಚಿ ಮೇಜಿನ ಮೇಲಿಟ್ಟಳು.

"ಆ ಚುಕ್ಕೆ ಮೊದಲ ಸಲ ಬಿದ್ದ ದಿನದಿಂದ ನೀವಂದ್ರೆ ಪ್ರಾಣ ನನಗೆ. ಅದಕ್ಕೇ ಅಂಕಿ ಇಳಿಸೋ ಧೈರ್ಯ ಬರ್ಲಿಲ್ಲ. ಕೈ ನಡುಗಿದ್ರೆ ನೀವು ಮತ್ತೆ ಬರಲ್ಲ ಅಂತ ಭಯ. ಪ್ರೀತಿ ಅಂತ ಹೇಳಿ ಇದನ್ನ ಮುಚ್ಚಲ್ಲ. ಮಾಡಿದ್ದು ಕಳ್ಳತನ."

ನೋಯಿಸಲು ತಂದಿದ್ದ ಮಾತುಗಳಲ್ಲಿ ಇನ್ನೂ ನಾಲ್ಕು ಬಾಕಿ ಇದ್ದವು. ಅವನ್ನು ಅಲ್ಲೇ ಬಿಟ್ಟಳು. ಛೇ, ಯಾಕೆ ಬಂದೆ ಇಲ್ಲಿಗೆ... ಎಂದು ತನ್ನನ್ನೇ ಬೈದುಕೊಂಡಳು. ಬೈದುಕೊಳ್ಳುತ್ತಲೇ ಕುರ್ಚಿ ಎಳೆದು ಅವನ ಎದುರು ಕೂತಳು.

"ಈ ಬಲಗೈ ಇನ್ನು ಹೀಗೇ," ಎಂದಳು. "ಸಾಯೋತನಕ ನಡುಗುತ್ತೆ. ನನ್ನ ಜೊತೆ ಇರೋರು ಅದನ್ನ ದಿನಾ ನೋಡಬೇಕಾಗುತ್ತೆ. ನಿಮಗೆ ಬರುತ್ತಾ?"

"ಬರಲ್ಲ. ಕಲೀತೀನಿ."

ಮೂಲೆಯ ಕೆಟಲಿನಿಂದ ಅವನು ಎರಡು ಲೋಟ ಟೀ ತಂದಿಟ್ಟ. ಅವಳು ಬೇಕೆಂದೇ ಬಲಗೈಯಲ್ಲಿ ಎತ್ತಿದಳು. ಲೋಟ ಕುಣಿಯಿತು. ಟೀ ಮೇಜಿನ ಮೇಲೆ ಚೆಲ್ಲಿತು, ಅವಳ ಬಟ್ಟೆಯ ಮೇಲೂ ಚೆಲ್ಲಿತು. ಅವನ ಕೈ ತಾನಾಗಿ ಮುಂದೆ ಬಂತು. ನಡುವೆ ನಿಂತಿತು.

"ಹಿಡ್ಕೊಳ್ಳಾ?"

"ಬೇಡ."

ಅವನು ಎರಡೂ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ನೋಡಿದ. ಮುಖ ತಿರುಗಿಸಲಿಲ್ಲ. ಅರ್ಧ ಲೋಟ ಚೆಲ್ಲಿಹೋಯಿತು, ಉಳಿದರ್ಧವನ್ನು ಅವಳು ನಿಧಾನವಾಗಿ ಕುಡಿದಳು. ಖಾಲಿ ಲೋಟವನ್ನು ಕೆಳಗಿಟ್ಟಳು. ಬರಿಗೈ ಒದ್ದೆ ಮೇಜಿನ ಮೇಲೆ ನಡುಗುತ್ತಲೇ ಇತ್ತು.

"ಈಗ ಹಿಡ್ಕೊಳ್ಳಿ," ಎಂದಳು.

ಅವನು ಹಿಡಿದುಕೊಂಡ.

"ನಿಲ್ಸೋಕೆ ನೋಡ್ಬೇಡಿ ಮೇಷ್ಟ್ರೇ."

"ಇಲ್ಲ," ಎಂದ ಅವನು. "ಸುಮ್ಮನೆ ಜೊತೆಗಿರ್ತೀನಿ."