ಒಂದೇ ಸಾಲಿನಲ್ಲಿ ಎರಡು ಹೆಸರು

ನಂಜನಗೂಡು ಬಸ್ ಸ್ಟ್ಯಾಂಡಿನಲ್ಲಿ ಮಧುಶ್ರೀ ಒಬ್ಬ ವಯಸ್ಸಾದವರನ್ನು ಹುಡುಕುತ್ತಿದ್ದಳು.

ಹೆಸರು ಮರಿಯಯ್ಯ. ಊರು ಟಿ. ನರಸೀಪುರದ ಹತ್ತಿರದ ಹೆಮ್ಮಿಗೆ. ಅಷ್ಟೇ ಗೊತ್ತಿದ್ದದ್ದು. ಬಾಹ್ಯಾಕಾಶದ ಟೆಲಿಸ್ಕೋಪ್ ದೂರದ ನಕ್ಷತ್ರಗಳ ಬೆಳಕನ್ನು ಅಳೆದು ಕಳಿಸುತ್ತದೆ. ಆ ಗ್ರಾಫುಗಳನ್ನು ಯಾರು ಬೇಕಾದರೂ ನೋಡಬಹುದಾದ ವೆಬ್‌ಸೈಟ್ ಒಂದಿದೆ. ಗ್ರಹವೊಂದು ನಕ್ಷತ್ರದ ಮುಂದೆ ಹಾದುಹೋದರೆ ಬೆಳಕು ಒಂದಿಷ್ಟೇ ಒಂದಿಷ್ಟು ತಗ್ಗುತ್ತದೆ. ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಹೇಳುವ ಮಧುಶ್ರೀಗೆ ಅಂಥ ತಗ್ಗು ಹುಡುಕುವ ಹುಚ್ಚು. ಅವಳು ಗುರುತು ಹಾಕಿದ ನಕ್ಷತ್ರವೊಂದಕ್ಕೆ ಈ ಮರಿಯಯ್ಯನೂ ಗುರುತು ಹಾಕಿದ್ದರು. ಹಾಗೆ ಮೆಸೇಜು ಶುರುವಾಗಿತ್ತು. ಹೆಸರು ನೋಡಿ ಅಜ್ಜ ಇರಬೇಕು ಅಂದುಕೊಂಡು, 'ಸರ್, ಈ ವಯಸ್ಸಿನಲ್ಲಿ ತುಂಬ ಹೊತ್ತು ಕಂಪ್ಯೂಟರ್ ಮುಂದೆ ಕೂರಬೇಡಿ' ಎಂದು ಬರೆದಿದ್ದಳು. 'ಮಂಡಿ ನೋವು ಸ್ವಲ್ಪ ಇದೆ ತಾಯಿ' ಎಂದು ಉತ್ತರ ಬಂದಿತ್ತು. ಇವತ್ತು ಇಲ್ಲಿ ಭೇಟಿಯಾಗೋಣ ಎಂದು ಮಾತಾಗಿತ್ತು.

"ಮಧುಶ್ರೀ ಮೇಡಂ?"

ತಿರುಗಿದಳು. ಕೊರಳಲ್ಲಿ ಫ್ಯಾಕ್ಟರಿಯ ಐಡಿ ಕಾರ್ಡು. ಮೂವತ್ತು ತುಂಬದ ಹುಡುಗ, ನಗು ತಡೆಯಲು ತುಟಿ ಕಚ್ಚಿಕೊಂಡು ನಿಂತಿದ್ದ.

"ಮರಿಯಯ್ಯ ನಮ್ಮ ತಾತ ಕಣ್ರೀ. ಅವರ ಹೆಸರಲ್ಲಿ ಅಕೌಂಟ್ ಮಾಡಿದ್ದೆ. ನಾನು ನಾಗೇಂದ್ರ."

"ಮತ್ತೆ ಮಂಡಿ ನೋವು?"

"ವಾಲಿಬಾಲ್ ಆಡ್ತಾ ಬಿದ್ದಿದ್ದೆ. ಸುಳ್ಳು ಹೇಳಿಲ್ಲ."

ಸಿಟ್ಟು ಮಾಡಿಕೊಳ್ಳಬೇಕು ಅಂದುಕೊಂಡಳು, ಬರಲಿಲ್ಲ.

"ಏನೋ ಎಣ್ಣೆ ವಾಸನೆ ಬರ್ತಿದೆ," ಅಂದ ಅವನು, ಅವಳ ಬ್ಯಾಗನ್ನೇ ನೋಡುತ್ತ.

"ಮಂಡಿಗೆ ಅಂತ ತಂದೆ. ನಿಮ್ಮ ತಾತನಿಗೆ ಕೊಡಿ," ಅಂದಳು. ಅವಳ ಕಿವಿ ಕೆಂಪಾಗಿತ್ತು.

ಆಮೇಲೆ ವಾರಕ್ಕೊಮ್ಮೆ, ಅವನ ಶಿಫ್ಟು ಮುಗಿದ ಮೇಲೆ, ಕಾಲೇಜಿನ ಹತ್ತಿರದ ಹೋಟೆಲಿನಲ್ಲಿ ಕಾಫಿ. ಒಂದು ಲ್ಯಾಪ್‌ಟಾಪು, ಅದರ ಮುಂದೆ ಎರಡು ತಲೆ.

"ಗ್ರಾಫ್ ಇಲ್ಲಿದೆ ನಾಗೇಂದ್ರ."

"ನೋಡ್ತಾ ಇದೀನಲ್ಲ."

"ಕಣ್ಣು ಎಲ್ಲೋ ಇದೆ."

ಅವನು ಕಣ್ಣು ಕೆಳಗಿಳಿಸುತ್ತಿದ್ದ. ಈಗ ಅವಳು ಅವನನ್ನು ನೋಡುತ್ತಿದ್ದಳು.

ಆ ನಕ್ಷತ್ರದ ಹಳೆಯ ಅಳತೆಗಳಲ್ಲೂ ಅದೇ ತಗ್ಗು ಸಿಕ್ಕಿತು. ಅದು ಗ್ರಹವೇ ಎಂದು ವಿಜ್ಞಾನಿಗಳು ಲೇಖನ ಬರೆದರು. ನೆರವಾದವರ ಪಟ್ಟಿಯಲ್ಲಿ ಇವರಿಬ್ಬರ ಹೆಸರು ಒಂದೇ ಸಾಲಿನಲ್ಲಿ ಬಂತು. ಮೈಸೂರಿನ ಪತ್ರಿಕೆಯೊಂದು ಇಬ್ಬರ ಫೋಟೋ ಹಾಕಿ, ಊರು, ಮನೆತನ ಎಲ್ಲ ಬರೆಯಿತು.

ನಂಜನಗೂಡಿನ ಹತ್ತಿರದ ಅವಳ ಊರು ಚಿಕ್ಕಯ್ಯನಛತ್ರದಲ್ಲಿ ಅಪ್ಪ ಚಿಕ್ಕಸ್ವಾಮಿ ಆ ಪೇಪರನ್ನು ಡೇರಿಗೆ ಒಯ್ದು ಎಲ್ಲರಿಗೂ ತೋರಿಸಿದರು. ವಾಪಸು ಬಂದಾಗ ಮುಖ ಬಾಡಿತ್ತು. ಹುಡುಗ ಯಾವ ಕೇರಿಯವನು ಅಂತ ಡೇರಿಯಲ್ಲೇ ಯಾರೋ ಹೇಳಿದ್ದರು. ಮಧುಶ್ರೀ ಅವನನ್ನೇ ಮದುವೆಯಾಗುತ್ತೇನೆ ಅಂದಳು.

"ಉಡುಗ ಒಳ್ಳೇವ್ನೇ ಇರಬೋದು ಕಣವ್ವ," ಅಂದರು ಅಪ್ಪ. "ನಾನು ಒಪ್ಪುದ್ರೂ ನಿಮ್ಮಾವ ಬುಡಾಕಿಲ್ಲ. ನಾನೇನ್ ಮಾಡ್ಲಿ ಏಳು."

ಮಾವ ಸೋಮಶೇಖರ್ ಅಮ್ಮನ ತಮ್ಮ. ಮನೆಯಲ್ಲಿ ಅವನ ಮಾತಿಗೆ ಎದುರಿಲ್ಲ. ಮಧುಶ್ರೀ ಮಾತ್ರ ಮನಸ್ಸು ಗಟ್ಟಿ ಮಾಡಿಕೊಂಡಳು. ಮೊದಲು ನಾಗೇಂದ್ರನ ಅಮ್ಮನ ಒಪ್ಪಿಗೆ ಕೇಳುವುದು, ಆಮೇಲೆ ರಿಜಿಸ್ಟರ್ ಮದುವೆ. ಭಾನುವಾರ ಹೆಮ್ಮಿಗೆಗೆ ಹೋದಳು.

ಗೋಡೆಯ ಮೇಲೆ ಬುದ್ಧ, ಪಕ್ಕದಲ್ಲಿ ಅಂಬೇಡ್ಕರ್. ನಾಗೇಂದ್ರನ ಅಮ್ಮ ಮುದ್ದಮ್ಮ ಅಳುಕುತ್ತಲೇ ನೀರು ತಂದುಕೊಟ್ಟರು. ಮಧುಶ್ರೀ ಪೂರ್ತಿ ಕುಡಿದು ಲೋಟ ಇಟ್ಟಳು. ಮುದ್ದಮ್ಮನ ಕಣ್ಣು ತುಂಬಿತು.

"ನಿಮ್ಮಾವ ಬಂದಿದ್ರು ಕಣವ್ವ. ಬೈಲಿಲ್ಲ, ಏನಿಲ್ಲ. ನಿನ್ ಮಗಂದು ಯಾವ ಶಿಫ್ಟು, ಯಾವ ದಾರೀಲಿ ಬತ್ತಾನೆ ಅಂತ ಕೇಳುದ್ರು. ಕೊಟ್ಟ ನೀರೂ ಮುಟ್ಟದೆ ಒಂಟೋದ್ರು."

ಮಧುಶ್ರೀ ಜಾತಿಗೆ, ಜನರ ಬಾಯಿಗೆ, ಎಲ್ಲಕ್ಕೂ ಉತ್ತರ ಸಿದ್ಧ ಮಾಡಿಕೊಂಡು ಬಂದಿದ್ದಳು. ಮಾವ ಕೇಳಿದ್ದು ಅವನು ಬರುವ ದಾರಿಯನ್ನು.

"ನಿನ್ನಂತ ಸೊಸೆ ಬೇಡ ಅನ್ನಾಕೆ ನಂಗೇನ್ ತಲೆ ಕೆಟ್ಟಿದ್ದಾ ಮಗ. ಆದ್ರೆ ನಂಗಿರೋನು ಅವನೊಬ್ಬ." ಮುದ್ದಮ್ಮ ಅವಳ ಎರಡೂ ಕೈ ಹಿಡಿದುಕೊಂಡರು. "ಅವನ್ನ ನಂಗೆ ಬುಟ್ಬುಡು."

ನಾಗೇಂದ್ರ ಬಸ್ ಸ್ಟಾಪಿನವರೆಗೂ ಜೊತೆಗೆ ಬಂದ. ದಾರಿಯುದ್ದಕ್ಕೂ ವಾದ ಮಾಡಿದ. ಮೈಸೂರಲ್ಲಿ ಮನೆ ಮಾಡೋಣ, ಪೊಲೀಸರಿಗೆ ತಿಳಿಸೋಣ, ವಕೀಲರಿದ್ದಾರೆ.

"ನಾನು ಹೆದರಲ್ಲ ಮಧು."

"ನಿಮ್ಮಮ್ಮ ಹೆದರ್ತಾರೆ. ನನಗೆ ನಮ್ಮ ಮಾವ ಗೊತ್ತು. ನಾನೂ ಹೆದರ್ತೀನಿ."

ದೂರದಲ್ಲಿ ಬಸ್ಸು ಕಾಣಿಸಿತು.

"ನಿಮ್ಮನ್ನ ಪ್ರೀತಿಸ್ತೀನಿ ಅಂತ ಒಂದ್ ದಿನಾನೂ ಹೇಳಲಿಲ್ಲ ನಾನು," ಅಂದ.

"ನಾನೂ ಹೇಳಲಿಲ್ಲ."

"ಪ್ರೀತಿಸ್ತೀರಾ?"

"ಅದಕ್ಕೇ ಹೋಗ್ತಿರೋದು."

ಬಸ್ಸು ಹತ್ತಿ ಕಿಟಕಿ ಪಕ್ಕ ಕೂತಳು. ಕಂಡಕ್ಟರ್ ಬಂದು ಎಲ್ಲಿಗಮ್ಮ ಅಂದ. ಇನ್ನೊಮ್ಮೆ ಕೇಳಿದ. ಸ್ವಂತ ಊರಿನ ಹೆಸರು ಕೂಡ ಅವಳ ಬಾಯಿಂದ ಬರಲಿಲ್ಲ.

ಕಿಟಕಿಯ ಕಂಬಿ ಹಿಡಿದು ಕೆಳಗೆ ನಿಂತಿದ್ದ ನಾಗೇಂದ್ರನೇ ಹೇಳಿದ.

"ನರಸೀಪುರಕ್ಕೆ ಕೊಡಿ ಸಾರ್. ಅಲ್ಲಿ ಅವರನ್ನ ನಂಜನಗೂಡು ಬಸ್ಸು ಹತ್ತಿಸಿಬಿಡಿ."