ಅತ್ತೆ ನುಡಿದ ಸಾಕ್ಷಿ

"ಆ ದೂರು ವಾಪಸ್ ತಗೋತೀಯೋ, ಇಲ್ಲ ನಾನೇ ಈ ಮನೆ ಬಿಟ್ಟು ಹೋಗ್ಲೋ?"

ತಟ್ಟೆಯನ್ನು ತಳ್ಳಿ ಭಾವ ಎದ್ದು ನಿಂತ. ಸೊಸೆ ಗೋಡೆಗೆ ಒರಗಿ ಕುಳಿತೇ ಇದ್ದಳು. ಆಸ್ಪತ್ರೆಯಿಂದ ಬಂದು ತಿಂಗಳೂ ಆಗಿರಲಿಲ್ಲ... ಅಳುವುದಕ್ಕೂ ಮೈಯಲ್ಲಿ ತ್ರಾಣವಿರಲಿಲ್ಲ. ಅವಳ ಗಂಡ ಅಣ್ಣನ ಮುಖವನ್ನೂ ನೋಡದೆ, ಹೆಂಡತಿಯ ಮುಖವನ್ನೂ ನೋಡದೆ ತಟ್ಟೆಯನ್ನೇ ನೋಡುತ್ತಿದ್ದ. ಅಂಥ ಗಂಡಸು!

ಸೊಸೆ ಹೊಲಿಗೆಗೆ ಹೋಗುತ್ತಿದ್ದ ಬಟ್ಟೆ ಕಾರ್ಖಾನೆಯಲ್ಲಿ ಬಸುರಿಯನ್ನು ಯಾರೂ ಕೆಲಸದಿಂದ ತೆಗೆಯುತ್ತಿರಲಿಲ್ಲ. ಕಾನೂನಿಗೆ ಸಿಕ್ಕಿಬೀಳುವಷ್ಟು ದಡ್ಡರಲ್ಲ ಮಾಲೀಕರು. ಹೊಲಿಗೆ ಯಂತ್ರದ ಮುಂದಿನಿಂದ ಎಬ್ಬಿಸಿ ಇಸ್ತ್ರಿ ಮೇಜಿಗೆ ಕಳಿಸುತ್ತಿದ್ದರು. ಅಲ್ಲಿ ದಿನವಿಡೀ ನಿಂತು, ಹಬೆಯಲ್ಲಿ ಬೆಂದು, ಅವಳೇ ಕೈಮುಗಿದು ಕೆಲಸ ಬಿಡಬೇಕು. ಅದಕ್ಕೇ ಹೊಟ್ಟೆ ಕಾಣುವವರೆಗೂ ಹೆಂಗಸರು ಬಾಯಿ ಬಿಡುತ್ತಿರಲಿಲ್ಲ. ಸೊಸೆಯೂ ಬಿಟ್ಟಿರಲಿಲ್ಲ. ಆದರೆ ಮನೆಯಲ್ಲಿ ಅತ್ತೆಗೆ ಹೇಳದಿರುವುದುಂಟೆ? ಅತ್ತೆ ಸಂಭ್ರಮ ತಡೆಯಲಾರದೆ ದೊಡ್ಡ ಮಗನ ಕಿವಿಗೆ ಹಾಕಿದಳು. ಆ ದೊಡ್ಡ ಮಗನೇ ಕಾರ್ಖಾನೆಯಲ್ಲಿ ಸೂಪರ್‌ವೈಸರ್! ಮರುದಿನವೇ ಸೊಸೆ ಇಸ್ತ್ರಿ ಮೇಜಿನ ಮುಂದಿದ್ದಳು. ಒಂದು ಮಧ್ಯಾಹ್ನ ಅಲ್ಲೇ ಕುಸಿದಳು... ಮಗು ಉಳಿಯಲಿಲ್ಲ. ಎದ್ದು ಓಡಾಡುವಂತಾದ ಕೂಡಲೇ ಕಾರ್ಮಿಕ ಇಲಾಖೆಗೆ ಹೋಗಿ ದೂರು ಕೊಟ್ಟು ಬಂದಳು.

"ನಿಮ್ಮ ಮೇಲಿನ ಹಗೆಗೆ ಕೊಟ್ಟಿದ್ದಲ್ಲ, ಭಾವ. ನಾಳೆ ಇನ್ನೊಬ್ಳನ್ನ ಅಲ್ಲಿ ನಿಲ್ಲಿಸ್ತೀರಲ್ಲ..."

"ನೀನು ಬಸುರಿ ಅಂತ ನನಗೆ ಗೊತ್ತೇ ಇರ್ಲಿಲ್ಲ. ವಿಚಾರಣೇಲಿ ಹಾಗೇ ಹೇಳ್ತೀನಿ. ಅಮ್ಮ ಬೇರೆ ಥರ ಹೇಳ್ತಾಳಾ? ಏನಮ್ಮಾ?"

ಅತ್ತೆ ಅವನು ತಳ್ಳಿದ ತಟ್ಟೆಯನ್ನು ಎತ್ತಿಕೊಂಡು ಒಳಗೆ ಹೋದಳು. ದೊಡ್ಡ ಮಗನೆಂದರೆ ಅವಳಿಗೆ ಪ್ರಾಣ, ಅದು ಇಡೀ ಬೀದಿಗೇ ಗೊತ್ತು. ಸೊಸೆ ಆಸೆ ಬಿಟ್ಟಳು.

ವಿಚಾರಣೆಯ ದಿನ ಅಧಿಕಾರಿಣಿ ಕನ್ನಡಕ ತೆಗೆದು ಕೇಳಿದಳು. "ನೋಡಮ್ಮ, ಕೆಲಸದ ಜಾಗ ಬದಲಾಯಿಸಿದ್ರು ಅಂದ್ರೆ ಸಾಲದು. ಬಸುರಿ ಅಂತ ಗೊತ್ತಿದ್ದೇ ಹಾಗೆ ಮಾಡಿದ್ರು ಅನ್ನೋದಕ್ಕೆ ಸಾಕ್ಷಿ ಯಾರು?"

ಸೊಸೆ ತಲೆ ತಗ್ಗಿಸಿದಳು. ಭಾವ ಕಾಲ ಮೇಲೆ ಕಾಲು ಹಾಕಿದ.

"ನಾನು."

ಬಾಗಿಲಲ್ಲಿ ಅತ್ತೆ! ಮೆಟ್ಟಿಲು ಹತ್ತಿದ ಏದುಸಿರು ಇನ್ನೂ ಇಳಿದಿರಲಿಲ್ಲ.

"ಇವನಿಗೆ ಹೇಳಿದ್ದು ನಾನೇ, ಮೇಡಂ. ಊಟಕ್ಕೆ ಕೂತಿದ್ದ. ಮನೆಗೆ ಮಗು ಬರುತ್ತೆ ಕಣೋ ಅಂದೆ... ನಗ್ತಾ ಅಂದೆ... ಇವನೂ ನಕ್ಕ."

"ಅಮ್ಮಾ!"

"ಸುಮ್ನಿರೋ! ನೀನು ಹೊಟ್ಟೇಲಿದ್ದಾಗ ನಾನು ಕಂಡೋರ ಮನೇಲಿ ಪಾತ್ರೆ ತೊಳೀತಿದ್ದೆ. ಆ ಮನೆಯಾಕೆ ನನಗೆ ಕೂರೋಕೆ ಸ್ಟೂಲು ಹಾಕ್ತಿದ್ಲು ಕಣೋ... ಯಾರೋ ಏನೋ ಆಕೆ! ಇವಳು ನಿನ್ನ ತಮ್ಮನ ಹೆಂಡತಿ..."

ಆ ಸಂಜೆಯೇ ಭಾವ ಬಟ್ಟೆಬರೆ ಕಟ್ಟಿಕೊಂಡು ಹೊರಟ. ಬೀದಿಯ ತಿರುವಿನಲ್ಲಾದರೂ ತಿರುಗಿ ನೋಡಿಯಾನೆಂದು ಅತ್ತೆ ಕಿಟಕಿಯಿಂದ ಕದಲಲಿಲ್ಲ. ಅವನು ನೋಡಲಿಲ್ಲ.

"ಅತ್ತೇ... ನನ್ನಿಂದ ನಿಮ್ಮ ಮಗ..."

"ನಿನ್ನದೂ ಹೋಯ್ತಲ್ಲ, ಮಗಳೇ."

ಅತ್ತೆ ಕುರ್ಚಿಯನ್ನು ಎಳೆದು ಅವಳ ಬಳಿ ಹಾಕಿದಳು. "ಕೂತ್ಕೋ. ನೀನು ನಿಂತಿದ್ದು ಸಾಕು" ಎಂದು, ತಾನು ಮತ್ತೆ ಹೋಗಿ ಕಿಟಕಿಯ ಮುಂದೆ ನಿಂತಳು.